ಪಾದರಸ ಸೇರಿದ ನದಿ, ಅದನ್ನೇ ನಂಬಿದ ಜನ: ಕೋಲಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲಿ ಗ್ರಾಸಿ ನ್ಯಾರೋಸ್ ಅನ್ನುವ ಒಂದು ಊರಿದೆ. ಅಲ್ಲಿಯ ಮೂಲನಿವಾಸಿಗಳು ಐವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಒಂದೇ ಮಾತು ಹೇಳುತ್ತಿದ್ದಾರೆ: ನಮ್ಮ ನದಿಯನ್ನು ಶುದ್ಧ ಮಾಡಿ ಕೊಡಿ. ಕೋಲಾರದ ಸುತ್ತಮುತ್ತ ಕೆರೆ ಕೆಲಸ ಮಾಡುವವರು, ಮೀನು ಸಂಘದವರು, ಹೈಸ್ಕೂಲು ಮಕ್ಕಳು ಈ ವಿಷಯ ಕೇಳಿದಾಗ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಸಿಗುತ್ತದೆ ಅಂತ ಇಲ್ಲಿ ಹಾಕಿದ್ದೇನೆ.

ಗ್ರಾಸಿ ನ್ಯಾರೋಸ್ ಎಲ್ಲಿದೆ? ಅಲ್ಲಿ ಇರುವವರು ಯಾರು?

ಆಂಟೇರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ, ಕೆನೋರಾ ಪಟ್ಟಣದಿಂದ ಉತ್ತರಕ್ಕೆ. ಕಾಡು, ಬಂಡೆ, ಸರೋವರಗಳ ನಾಡು ಅದು. ಇಂಗ್ಲಿಷ್-ವಾಬಿಗೂನ್ ನದಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಿಯುತ್ತಾ ಹೋಗುತ್ತದೆ. ನಮ್ಮಲ್ಲಿ ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಬರುತ್ತದಲ್ಲ, ಆ ಸಾಲುಕೆರೆಗಳನ್ನು ನೋಡಿದವರಿಗೆ ಆ ನದಿ ಹೇಗಿದೆ ಅಂತ ಬೇಗ ಅರ್ಥವಾಗುತ್ತದೆ.

ಅಲ್ಲಿರುವವರು ಅನಿಶಿನಾಬೆ ಜನ. ಯುರೋಪಿನವರು ಬರುವ ಮುಂಚಿನಿಂದ ಆ ನೆಲದಲ್ಲಿ ಇದ್ದವರು. ನಮ್ಮ ರಾಜ್ಯದ ಸೋಲಿಗರು, ಜೇನುಕುರುಬರು, ಇರುಳಿಗರ ಹಾಗೆ ಕಾಡು ಮತ್ತು ನೀರಿನ ಜೊತೆಗೇ ಬದುಕು ಕಟ್ಟಿಕೊಂಡವರು. ಬೇಟೆ, ಮೀನು, ಕಾಡಿನ ಹಣ್ಣು, ನೀರಿನಲ್ಲಿ ಬೆಳೆಯುವ ಕಾಡುಭತ್ತ ಅವರ ಊಟ. 1873ರಲ್ಲಿ ಬ್ರಿಟಿಷ್ ರಾಣಿಯ ಸರ್ಕಾರದ ಜೊತೆ ಆ ಭಾಗದ ಜನ ಒಂದು ಒಪ್ಪಂದ ಮಾಡಿಕೊಂಡರು. ಅದನ್ನು ಮೂರನೇ ಒಪ್ಪಂದ ಅಂತ ಕರೆಯುತ್ತಾರೆ. ಬೇಟೆಯಾಡುವ, ಮೀನು ಹಿಡಿಯುವ ಹಕ್ಕು ಉಳಿಯುತ್ತದೆ ಅಂತ ಅದರಲ್ಲಿ ಬರೆದಿದೆ. ಹಿಡಿದ ಮೀನು ತಿನ್ನೋಕೆ ಬಾರದ ಹಾಗಾದರೆ ಆ ಹಕ್ಕು ಕಾಗದದಲ್ಲಿ ಇದ್ದು ಏನು ಬಂತು, ಅಲ್ವಾ?

ನದಿಗೆ ಪಾದರಸ ಹೇಗೆ ಬಂತು? ಕಾಗದ ಮಾಡೋಕೆ ಪಾದರಸ ಯಾಕೆ ಬೇಕು?

ಕಾಗದಕ್ಕೆ ಪಾದರಸ ನೇರವಾಗಿ ಬೇಕಾಗಿಲ್ಲ. ಕಾಗದದ ತಿರುಳನ್ನು ಬೆಳ್ಳಗೆ ಮಾಡಲು ಕ್ಲೋರಿನ್ ಬೇಕು, ಕಾಸ್ಟಿಕ್ ಸೋಡಾ ಬೇಕು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಎರಡೂ ಸಿಗುತ್ತವೆ. ಆ ಕಾಲದ ಯಂತ್ರಗಳಲ್ಲಿ ವಿದ್ಯುತ್ ಹಾಯಿಸುವ ಒಂದು ತುದಿಯಾಗಿ ದ್ರವ ಪಾದರಸವನ್ನೇ ಬಳಸುತ್ತಿದ್ದರು. ಕೆಲಸ ಮುಗಿದ ಮೇಲೆ ಹೊರಗೆ ಬರುವ ನೀರಿನ ಜೊತೆ ಒಂದಿಷ್ಟು ಪಾದರಸವೂ ಹೋಗುತ್ತಿತ್ತು.

ಡ್ರೈಡನ್ ಪಟ್ಟಣದಲ್ಲಿ ರೀಡ್ ಕಂಪನಿಗೆ ಸೇರಿದ ಕಾಗದದ ಕಾರ್ಖಾನೆ ಇತ್ತು. ಅದರ ಪಕ್ಕದಲ್ಲೇ ಇಂಥ ರಾಸಾಯನಿಕ ಘಟಕ. 1962ರಿಂದ 1970ರ ತನಕ ಅಲ್ಲಿಂದ ಸುಮಾರು 9,000 ಕೆ.ಜಿ. ಪಾದರಸ ವಾಬಿಗೂನ್ ನದಿಗೆ ಹೋಯಿತು. ಗ್ರಾಸಿ ನ್ಯಾರೋಸ್ ಇರುವುದು ಅಲ್ಲಿಂದ ಸುಮಾರು 100 ಕಿ.ಮೀ. ದೂರದಲ್ಲಿ, ನದಿಯ ಕೆಳಗಡೆ. ನಮ್ಮ ಪಾಲಾರ್ ಕರ್ನಾಟಕದಲ್ಲಿ ಹರಿಯುವ ಉದ್ದವೆಲ್ಲ ಸೇರಿದರೂ ಸುಮಾರು 93 ಕಿ.ಮೀ. ಅಂದರೆ ಅವರು ಕಣ್ಣಿಗೂ ಕಾಣದ ಕಾರ್ಖಾನೆಯ ವಿಷ ಅವರ ಅಡುಗೆಮನೆಗೆ ಬಂತು.

ಇಂಥ ಪಾದರಸದ ಘಟಕಗಳು ನಮ್ಮ ದೇಶದಲ್ಲೂ ಬೇಕಾದಷ್ಟು ಇದ್ದವು. ಈಗ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸ ಬೇಡದ, ಪೊರೆ ಬಳಸುವ ವಿಧಾನಕ್ಕೆ ಬದಲಾಗಿವೆ.

1970ರಲ್ಲೇ ನಿಂತಿತು ಅಂತೀರಿ. ಇಷ್ಟು ವರ್ಷದ ಮಳೆಗೆ ಕೊಚ್ಚಿಕೊಂಡು ಹೋಗಿರಬೇಕಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಇಡೀ ವಿಷಯದ ಗಂಟು ಇರುವುದೂ ಇಲ್ಲೇ.

ಪಾದರಸ ನೀರಿನಲ್ಲಿ ಕರಗಿ ಸಮುದ್ರ ಸೇರಿಬಿಡುವ ವಸ್ತು ಅಲ್ಲ. ಭಾರವಾದದ್ದು. ಸಣ್ಣ ಮಣ್ಣಿನ ಕಣಕ್ಕೆ, ಕೊಳೆತ ಎಲೆಯ ಚೂರಿಗೆ ಅಂಟಿಕೊಳ್ಳುತ್ತದೆ. ನೀರು ಜೋರಾಗಿ ಹರಿಯುವ ಕಡೆ ಮುಂದೆ ಹೋಗುತ್ತದೆ, ನೀರು ನಿಂತ ಕಡೆ ತಳಕ್ಕೆ ಇಳಿಯುತ್ತದೆ. ಸರೋವರಗಳಲ್ಲಿ ನೀರು ನಿಲ್ಲುತ್ತದೆ. ಹೀಗಾಗಿ ಕಾರ್ಖಾನೆಯ ಕೆಳಗೆ ಸಿಗುವ ಕ್ಲೇ ಲೇಕ್ ಅನ್ನುವ ಸರೋವರದ ಹೂಳಿನಲ್ಲಿ ತುಂಬಾ ಪಾದರಸ ಕೂತಿದೆ.

ಕೂತದ್ದು ಸುಮ್ನೆ ಕೂತಿರುವುದಿಲ್ಲ. ಗಾಳಿ ಆಡದ ಹೂಳಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳಿವೆ. ಅವು ಗಂಧಕದ ಲವಣಗಳನ್ನು, ಅಂದರೆ ಸಲ್ಫೇಟನ್ನು ಬಳಸಿಕೊಂಡು ಬದುಕುತ್ತವೆ. ಆ ಕೆಲಸದ ನಡುವೆ ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಹೆಚ್ಚು ಭಯ ಪಡಬೇಕಾದದ್ದು ಈ ರೂಪಕ್ಕೆ. ಇದು ಜೀವಿಗಳ ಮೈಗೆ ಸುಲಭವಾಗಿ ಸೇರುತ್ತದೆ, ಬೇಗ ಹೊರಗೆ ಹೋಗುವುದಿಲ್ಲ. ಹೂಳು ಇರುವ ತನಕ, ಅದರಲ್ಲಿ ಪಾದರಸ ಇರುವ ತನಕ ಈ ಕೆಲಸ ನಡೆಯುತ್ತಲೇ ಇರುತ್ತದೆ.

2024ರಲ್ಲಿ ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇನ್ನೊಂದು ವಿಷಯ ಹೇಳಿದರು. ಡ್ರೈಡನ್ ಕಾರ್ಖಾನೆ ಈಗ ಪಾದರಸ ಬಿಡುತ್ತಿಲ್ಲ. ಆದರೆ ಅದರ ನೀರಿನಲ್ಲಿ ಸಲ್ಫೇಟ್ ಮತ್ತು ಸಾವಯವ ಪದಾರ್ಥ ಇರುತ್ತದೆ. ಅವು ಹೂಳಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಹಾಗಾಗಿ ಹಳೆಯ ಪಾದರಸ ಮೀಥೈಲ್ ಪಾದರಸವಾಗುವುದು ಇನ್ನೂ ಜಾಸ್ತಿಯಾಗುತ್ತಿದೆ. ನಿಯಮದ ಒಳಗೇ ಇದ್ದ ನೀರು ಹಳೆಯ ವಿಷವನ್ನು ಮತ್ತೆ ಎಬ್ಬಿಸುತ್ತಿದೆ. "ನಮ್ಮ ನೀರು ಮಿತಿಯೊಳಗಿದೆ" ಅಂತ ಯಾವ ಕಾರ್ಖಾನೆ ಹೇಳಿದರೂ ಇದನ್ನು ನೆನಪಿಡಬೇಕು. ಆ ನೀರು ಸೇರುವ ಜಾಗದಲ್ಲಿ ಈಗಾಗಲೇ ಏನಿದೆ ಅಂತಲೂ ಕೇಳಬೇಕು.

ತೊಂದರೆ ನೀರು ಕುಡಿದರೋ, ಮೀನು ತಿಂದರೋ?

ಮುಖ್ಯವಾಗಿ ಮೀನು ತಿಂದರೆ. ನೀರಿನಲ್ಲಿ ಇರುವ ಪ್ರಮಾಣ ಬಹಳ ಕಡಿಮೆ. ಆದರೆ ಪಾಚಿ ಅದನ್ನು ಹೀರುತ್ತದೆ, ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಪ್ರತಿ ಮೆಟ್ಟಿಲಲ್ಲೂ ಪ್ರಮಾಣ ಏರುತ್ತದೆ. ಗ್ರಾಸಿ ನ್ಯಾರೋಸ್ ಜನ ಇಷ್ಟಪಟ್ಟು ತಿನ್ನುತ್ತಿದ್ದ ವಾಲ್‌ಐ ಅನ್ನುವ ಮೀನು ಬೇಟೆಗಾರ ಮೀನು. ಅದರಲ್ಲಿ ಜಾಸ್ತಿ.

ನಮ್ಮ ಕೆರೆಗಳಿಗೆ ಹೋಲಿಸಿ ಹೇಳುವುದಾದರೆ, ನೀರಿನ ಸೂಕ್ಷ್ಮ ಜೀವಿಗಳನ್ನು ತಿನ್ನುವ ಕಾಟ್ಲಾಗಿಂತ, ಬೇರೆ ಮೀನನ್ನು ಹಿಡಿದು ತಿನ್ನುವ ಕೊರವ ಮೀನಿನಲ್ಲಿ ಇಂಥ ವಿಷ ಹೆಚ್ಚು ಸೇರುವ ಸಾಧ್ಯತೆ ಇರುತ್ತದೆ. ವಯಸ್ಸಾದ ದೊಡ್ಡ ಮೀನಿನಲ್ಲಿ ಇನ್ನೂ ಜಾಸ್ತಿ. ಕೆನಡಾದಲ್ಲಿ ಮಾರುವ ಸಾಮಾನ್ಯ ಮೀನಿಗೆ ಒಂದು ಕೆ.ಜಿ.ಗೆ ಅರ್ಧ ಮಿಲಿಗ್ರಾಂ ಪಾದರಸ ಅನ್ನುವುದು ಮಿತಿ.

ಚೆನ್ನಾಗಿ ತೊಳೆದು ಬೇಯಿಸಿದರೆ ಹೋಗುವುದಿಲ್ವಾ?

ಹೋಗುವುದಿಲ್ಲ. ಅದು ಚರ್ಮದ ಮೇಲೋ ಕೊಬ್ಬಿನಲ್ಲೋ ಇರುವುದಲ್ಲ, ಮಾಂಸದ ಒಳಗೇ ಇರುತ್ತದೆ. ಹುರಿದರೂ ಅಷ್ಟೇ, ಒಣಗಿಸಿದರೂ ಅಷ್ಟೇ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಆ ಜನರಿಗೆ ಏನಾಯಿತು?

ಮೀಥೈಲ್ ಪಾದರಸ ನರಗಳನ್ನು, ಮೆದುಳನ್ನು ಕೆಡಿಸುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ. ನಡುಕ ಬರುತ್ತದೆ. ನಡೆಯುವಾಗ ಆಯ ತಪ್ಪುತ್ತದೆ. ಪಕ್ಕದಲ್ಲಿ ಇರುವುದು ಕಾಣದೆ ನೇರ ಎದುರಿನದಷ್ಟೇ ಕಾಣುತ್ತದೆ. ಕಿವಿ ಮಂದವಾಗುತ್ತದೆ, ಮಾತು ತೊದಲುತ್ತದೆ. ಬಸುರಿ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಆಗುವ ಪೆಟ್ಟು ದೊಡ್ಡದು.

ಜಪಾನಿನ ಮಿನಮಾಟಾ ಊರಿನಲ್ಲಿ ಇದೇ ಕಾಯಿಲೆಯನ್ನು 1956ರಲ್ಲಿ ಗುರುತಿಸಿದ್ದರು. ಅಲ್ಲಿಯ ರೋಗಿಗಳನ್ನು ವರ್ಷಗಟ್ಟಲೆ ನೋಡಿದ ಡಾ. ಮಸಝುಮಿ ಹರಾಡಾ 1975ರಲ್ಲಿ ಗ್ರಾಸಿ ನ್ಯಾರೋಸ್‌ಗೆ ಬಂದು ಜನರನ್ನು ಪರೀಕ್ಷಿಸಿದರು. ಮಿನಮಾಟಾದಲ್ಲಿ ಕಂಡ ಲಕ್ಷಣಗಳೇ ಇಲ್ಲೂ ಕಂಡವು. ಅವರು ಮುಂದೆಯೂ ಮತ್ತೆ ಬಂದು ಅದೇ ಜನರನ್ನು ನೋಡಿದರು. ಅವರ ನಂತರ ಬಂದ ಜಪಾನಿನ ತಜ್ಞರು, ಅಲ್ಲಿಯ ಜನರಲ್ಲಿ 90%ಗಿಂತ ಹೆಚ್ಚು ಮಂದಿಯಲ್ಲಿ ಪಾದರಸದ ವಿಷದ ಲಕ್ಷಣ ಇದೆ ಅಂದರು. ಅಷ್ಟಾದರೂ ಬಹಳ ವರ್ಷ ಕೆನಡಾದ ಅಧಿಕಾರಿಗಳು ಒಬ್ಬೊಬ್ಬ ರೋಗಿಯ ಕಾಯಿಲೆಗೂ ಬೇರೆ ಬೇರೆ ಕಾರಣ ಹುಡುಕಿದರು: ಸಕ್ಕರೆ ಕಾಯಿಲೆ, ಕುಡಿತ, ವಯಸ್ಸು. ಇದನ್ನು ಓದಿದಾಗ ನನಗೆ ತುಂಬಾ ಸಿಟ್ಟು ಬರುತ್ತದೆ. ಊರಿಗೆ ಊರೇ ಒಂದೇ ರೀತಿ ನಡುಗುತ್ತಿರುವಾಗ ಒಬ್ಬೊಬ್ಬರನ್ನೇ ಬೇರೆ ನಿಲ್ಲಿಸಿ "ನಿನ್ನದು ಬೇರೆ" ಅನ್ನುವುದು ನ್ಯಾಯ ಅಲ್ಲ.

2023ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಹಿಂದಿನ ತಲೆಮಾರಿನವರ ಮೈಗೆ ಸೇರಿದ ಪಾದರಸಕ್ಕೂ, ಈಗಿನ ಮಕ್ಕಳು ಮತ್ತು ಯುವಕರ ಮನಸ್ಸಿನ ಸಂಕಟಕ್ಕೂ ಸಂಬಂಧ ಇದೆ ಅಂತ ಅದು ತೋರಿಸಿತು. 1970ರಲ್ಲಿ ಹುಟ್ಟಿಯೇ ಇರದವರೂ ಇಂದು ನೋವು ತಿನ್ನುತ್ತಿದ್ದಾರೆ.

ಆ ಮೀನು ತಿನ್ನೋದು ಬಿಟ್ಟರೆ ಮುಗಿಯಿತಲ್ಲ? ಅಂಗಡಿಯಲ್ಲಿ ಬೇರೆ ಏನಾದರೂ ತಗೊಳ್ಳಬಹುದಲ್ಲ?

ಸರ್ಕಾರವೂ ಹೀಗೇ ಹೇಳಿತು. 1970ರಲ್ಲಿ ಆ ನದಿಯಲ್ಲಿ ಮಾರಾಟದ ಮೀನುಗಾರಿಕೆಯನ್ನು ಮುಚ್ಚಿತು. ತಿನ್ನಬೇಡಿ ಅಂತ ಬೋರ್ಡು ಹಾಕಿತು. ಆಮೇಲೆ ಏನಾಯಿತು ನೋಡಿ.

ಆ ಊರಿನ ಗಂಡಸರು ಮೀನು ಹಿಡಿದು ಮಾರುತ್ತಿದ್ದರು. ಪ್ರವಾಸಿಗರು ಗಾಳ ಹಾಕಲು ಬರುತ್ತಿದ್ದ ದೊಡ್ಡ ವಸತಿಗೃಹಗಳಲ್ಲಿ ಮಾರ್ಗದರ್ಶಿಗಳಾಗಿ ದುಡಿಯುತ್ತಿದ್ದರು. ಹೆಂಗಸರು ಅಲ್ಲೇ ಅಡುಗೆ, ಮನೆಗೆಲಸ. ಎಲ್ಲವೂ ಒಂದೇ ಏಟಿಗೆ ನಿಂತಿತು. ಊಟವೂ ಹೋಯಿತು, ಸಂಬಳವೂ ಹೋಯಿತು. ಅದಕ್ಕೂ ಮುಂಚೆ, 1960ರ ದಶಕದ ಮೊದಲಲ್ಲಿ, ಸರ್ಕಾರ ಅವರನ್ನು ಹಳೆಯ ಊರಿನಿಂದ ಎಬ್ಬಿಸಿ ರಸ್ತೆ ಪಕ್ಕದ ಹೊಸ ಜಾಗಕ್ಕೆ ಕಳಿಸಿತ್ತು. ಹಳೆಯ ಊರಿನಲ್ಲಿ ಮನೆಗಳು ದೂರ ದೂರ ಇದ್ದವು, ನೀರು ಹತ್ತಿರ ಇತ್ತು. ಹೊಸ ಜಾಗದಲ್ಲಿ ನೆಲೆ ನಿಲ್ಲುವ ಹೊತ್ತಿಗೆ ನದಿಯೂ ಕೈಬಿಟ್ಟಿತು.

ಅಂಗಡಿ ಅಂತೀರಿ. ಆ ಕಡೆ ಹಳ್ಳಿಗಳಲ್ಲಿ ತಾಜಾ ಆಹಾರ ತುಂಬಾ ದುಬಾರಿ. ಕೆಲಸ ಇಲ್ಲದವರು ಡಬ್ಬಿಯ ಊಟ, ಸಿಹಿ ಪಾನೀಯದ ಕಡೆ ಹೋಗುತ್ತಾರೆ. ಬೇರೆ ಕಾಯಿಲೆ ಶುರುವಾಗುತ್ತದೆ. ಇನ್ನೊಂದು ಮಾತು. ಅಜ್ಜ ಮೊಮ್ಮಗನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಮೀನು ಹಿಡಿಯುವಾಗ ಭಾಷೆ ಕಲಿಸುತ್ತಾನೆ, ಜಾಗಗಳ ಹೆಸರು ಹೇಳಿಕೊಡುತ್ತಾನೆ. ಆ ಪಾಠ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೇ ಅವರು ಮೀನಿಗೆ ಬದಲು ಬೇರೆ ಏನನ್ನೋ ಕೇಳಲಿಲ್ಲ, ನದಿಯನ್ನೇ ವಾಪಸ್ ಕೇಳಿದರು. ಕೋಲಾರದವರಿಗೆ ರಾಗಿ ಬೆಳೆಯಬೇಡಿ, ಮುದ್ದೆ ಮರೆತುಬಿಡಿ, ಪ್ಯಾಕೆಟ್ ಕೊಡುತ್ತೇವೆ ಅಂದರೆ ನಾವು ಒಪ್ಪುತ್ತೇವಾ?

ಪರಿಹಾರ ಕೊಟ್ಟರಾ?

ಕೊಟ್ಟರು, ತಡವಾಗಿ, ಅರೆಬರೆ. 1985ರಲ್ಲಿ ಗ್ರಾಸಿ ನ್ಯಾರೋಸ್ ಮತ್ತು ಪಕ್ಕದ ವಾಬಸೀಮೂಂಗ್ ಎರಡಕ್ಕೂ ಸೇರಿ ಸುಮಾರು 1.67 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಎರಡು ಕಂಪನಿ, ಎರಡು ಸರ್ಕಾರ ಸೇರಿ ಕೊಟ್ಟ ಹಣ ಅದು. ಕಾಯಿಲೆ ಇದ್ದವರಿಗೆ ತಿಂಗಳ ಹಣ ಕೊಡಲು ಒಂದು ಮಂಡಳಿ ಮಾಡಿದರು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿಗೆ ಮಂಡಳಿ ಇಲ್ಲ ಅಂದಿತು. ಸಿಕ್ಕವರಿಗೂ ಆ ಹಣ ಮೂರು ದಶಕ ಬೆಲೆ ಏರಿಕೆಗೆ ತಕ್ಕ ಹಾಗೆ ಹೆಚ್ಚಲಿಲ್ಲ. 2018ರಲ್ಲಷ್ಟೇ ಅದನ್ನು ಸರಿ ಮಾಡಿದರು.

ಊರಿನ ಮಾಜಿ ಮುಖ್ಯಸ್ಥ ಸ್ಟೀವ್ ಫೋಬಿಸ್ಟರ್ ಸ್ವತಃ ಪಾದರಸದ ಕಾಯಿಲೆಯಿಂದ ನರಳುತ್ತಿದ್ದವರು. 2014ರಲ್ಲಿ ಅವರು ಉಪವಾಸ ಕೂತರು. ರೋಗಿಗಳನ್ನು ನೋಡಿಕೊಳ್ಳಲು ಊರಿನಲ್ಲೇ ಒಂದು ಆಸ್ಪತ್ರೆ ಥರದ ಮನೆ ಬೇಕು ಅನ್ನುವುದು ಅವರ ಬೇಡಿಕೆಗಳಲ್ಲಿ ಒಂದು. ಅದಕ್ಕೆ ಕೇಂದ್ರ ಸರ್ಕಾರ ಸಹಿ ಹಾಕಿದ್ದು 2020ರ ಏಪ್ರಿಲ್‌ನಲ್ಲಿ. ಫೋಬಿಸ್ಟರ್ 2018ರಲ್ಲೇ ತೀರಿಕೊಂಡಿದ್ದರು.

ನದಿಯನ್ನು ಶುದ್ಧ ಮಾಡೋದು ಅಂದರೆ ನಿಜವಾಗಿ ಏನು ಮಾಡೋದು?

ಮೊದಲ ಕೆಲಸ, ಹೊಸದಾಗಿ ಬರುವುದನ್ನು ಪೂರ್ತಿ ನಿಲ್ಲಿಸುವುದು. ಇದು ಸುಲಭ ಅಂತ ಕಾಣುತ್ತದೆ, ಅಲ್ಲ. 2016ರಲ್ಲಿ ಡ್ರೈಡನ್ ಕಾರ್ಖಾನೆಯ ಹಳೆಯ ಕೆಲಸಗಾರರೊಬ್ಬರು ಮುಂದೆ ಬಂದು, 1972ರಲ್ಲಿ ಉಪ್ಪು ಮತ್ತು ಪಾದರಸ ತುಂಬಿದ ಡ್ರಮ್ಮುಗಳನ್ನು ಗುಂಡಿಯಲ್ಲಿ ಹೂತಿದ್ದೆವು ಅಂದರು. ಕಾರ್ಖಾನೆಯ ಜಾಗದ ಮಣ್ಣಿನಿಂದಲೇ ಇನ್ನೂ ಜಿನುಗುತ್ತಿದ್ದರೆ ಕೆಳಗೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಆಮೇಲೆ ಹೂಳು. ಇದಕ್ಕೆ ಒಂದೇ ದಾರಿ ಅಂತಿಲ್ಲ. ತೆಗೆದು ಹೊರಗೆ ಹಾಕಬಹುದು. ಆದರೆ ಕಲಕಿದ ಹೂಳು ನೀರಿನ ಜೊತೆ ಮತ್ತಷ್ಟು ಕೆಳಗೆ ಹೋಗುವ ಅಪಾಯ ಇದೆ, ತೆಗೆದ ಹೂಳನ್ನು ಎಲ್ಲಿ ಇಡೋದು ಅನ್ನುವುದೂ ಇದೆ. ಮಿನಮಾಟಾದಲ್ಲಿ ಇದನ್ನು ಮಾಡಿದರು. ಕೊಲ್ಲಿಯ ತಳದಿಂದ ಸುಮಾರು 15 ಲಕ್ಷ ಘನ ಮೀಟರ್ ಹೂಳು ಎತ್ತಿ, ಗೋಡೆ ಕಟ್ಟಿದ ಜಾಗದಲ್ಲಿ ತುಂಬಿ ಮೇಲೆ ಒಳ್ಳೆ ಮಣ್ಣು ಹಾಕಿದರು. 58 ಹೆಕ್ಟೇರ್ ಹೊಸ ನೆಲವೇ ಆಯಿತು. 1977ರಲ್ಲಿ ಶುರುವಾದ ಕೆಲಸ 1990ರ ತನಕ ನಡೆಯಿತು. ವಿಷದ ಮೀನು ಹೊರಗೆ ಹೋಗದಿರಲಿ ಅಂತ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ.

ಇನ್ನೊಂದು ದಾರಿ, ಹೂಳನ್ನು ಅಲ್ಲೇ ಬಿಟ್ಟು ಮೇಲೆ ಶುದ್ಧವಾದ ಜೇಡಿಮಣ್ಣು, ಮರಳು ಮುಚ್ಚುವುದು. ನದಿಗೆ ಒಳ್ಳೆ ಜೇಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದರೆ ಅದು ಹರಡಿಕೊಂಡು ತಳಕ್ಕೆ ಕೂರುತ್ತದೆ, ಮೇಲಿನ ಪದರದಲ್ಲಿ ಪಾದರಸದ ಪ್ರಮಾಣ ಇಳಿಯುತ್ತದೆ, ಮೀನಿಗೆ ಸೇರುವುದೂ ಕಡಿಮೆಯಾಗುತ್ತದೆ. ಇಂಗ್ಲಿಷ್-ವಾಬಿಗೂನ್ ನದಿಗೆ ಈ ದಾರಿಯನ್ನು ವಿಜ್ಞಾನಿಗಳು 1980ರ ದಶಕದ ಮೊದಲಲ್ಲೇ ಸೂಚಿಸಿದ್ದರು. ನದಿ ಉದ್ದಕ್ಕೂ ಒಂದೇ ಮದ್ದು ಸಾಲದು. ಕೆಲವು ಕಡೆ ತೆಗೆಯುವುದು, ಕೆಲವು ಕಡೆ ಮುಚ್ಚುವುದು, ದಡ ಕುಸಿಯುವ ಕಡೆ ದಡ ಗಟ್ಟಿ ಮಾಡುವುದು. ಪ್ರತಿ ಸರೋವರವನ್ನೂ ಅಳೆದು ನೋಡಿಯೇ ಹೇಳಬೇಕು.

ಕಾಡು ಕಡಿಯುವುದನ್ನೂ ನೋಡಬೇಕಾಗುತ್ತದೆ. ಬೋಳು ಮಾಡಿದ ನೆಲದಿಂದ ಮಳೆನೀರಿನ ಜೊತೆ ಪಾದರಸ ನೀರಿಗೆ ಇಳಿಯುತ್ತದೆ. 2002ರ ಡಿಸೆಂಬರ್‌ನಲ್ಲಿ ಗ್ರಾಸಿ ನ್ಯಾರೋಸ್‌ನ ಯುವಕ ಯುವತಿಯರು ಮರದ ಲಾರಿಗಳ ರಸ್ತೆಗೆ ಅಡ್ಡ ಕೂತರು. ವರ್ಷಗಟ್ಟಲೆ ನಡೆದ ಆ ತಡೆ ಹೊರಗಿನವರಿಗೆ ಬರೀ ಕಾಡಿನ ಹೋರಾಟ ಅಂತ ಕಂಡಿರಬಹುದು. ಅದು ನೀರಿನ ಹೋರಾಟವೂ ಹೌದು.

ದಾರಿ ಗೊತ್ತಿದ್ದೂ ಯಾಕೆ ಇಷ್ಟು ತಡ?

ನದಿ ತಾನೇ ಸರಿಹೋಗುತ್ತದೆ ಅಂತ ಸರ್ಕಾರ ಹೇಳುತ್ತಾ ಬಂತು. ಕೈ ಹಾಕಿದರೆ ಕಲಕಿ ಇನ್ನೂ ಕೆಡುತ್ತದೆ ಅನ್ನುವ ವಾದವೂ ಇತ್ತು. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಅದು ಅಷ್ಟು ವರ್ಷ ನಡೆಯಿತು. ಆದರೆ ಅಳೆದು ನೋಡಿದಾಗ ಮೀನಿನಲ್ಲಿ ಪಾದರಸ ಮೊದಲು ಇಳಿದು, ಆಮೇಲೆ ಇಳಿಯುವುದು ಹೆಚ್ಚು ಕಡಿಮೆ ನಿಂತೇಹೋಗಿತ್ತು.

ಕೊನೆಗೆ ಊರಿನವರೇ ವಿಜ್ಞಾನಿಗಳನ್ನು ಕರೆಸಿ ವರದಿ ಮಾಡಿಸಿದರು. ಡಾ. ಜಾನ್ ರಡ್ ಮತ್ತು ಜೊತೆಯವರ 2016ರ ವರದಿ, ನದಿಯನ್ನು ಸುರಕ್ಷಿತವಾಗಿ ಶುದ್ಧ ಮಾಡಲು ಸಾಧ್ಯ ಅಂದಿತು. 2017ರಲ್ಲಿ ಆಂಟೇರಿಯೊ ಸರ್ಕಾರ 8.5 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿತು. ಆ ಹಣಕ್ಕೆ ಒಂದು ಟ್ರಸ್ಟ್ ಆಯಿತು, ಅದರಲ್ಲಿ ಮೂಲನಿವಾಸಿಗಳ ಪ್ರತಿನಿಧಿಗಳಿದ್ದಾರೆ. ಅದಾದ ಮೇಲೂ ವರ್ಷಗಳು ಮಾದರಿ ತೆಗೆಯುವುದು, ಅಧ್ಯಯನ ಮಾಡುವುದರಲ್ಲಿ ಕಳೆದವು. 2024ರ ಜೂನ್‌ನಲ್ಲಿ ಗ್ರಾಸಿ ನ್ಯಾರೋಸ್ ಎರಡೂ ಸರ್ಕಾರಗಳ ಮೇಲೆ ಕೋರ್ಟಿಗೆ ಹೋಯಿತು.

ಊರಿನವರು ಮೊದಲಿಂದ ಮೇಜಿನ ಈಚೆ ಬದಿ ಕೂತಿದ್ದರೆ ಇಷ್ಟು ತಡ ಆಗುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಯಾವ ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ವರ್ಷದಿಂದ ಯಾವ ಪ್ರಾಣಿ ಕಾಣುತ್ತಿಲ್ಲ, ಇವೆಲ್ಲ ಅವರಿಗೆ ಗೊತ್ತು. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದರಲ್ಲ, ಯಾವ ತೂಬು ಎಷ್ಟು ಎತ್ತಿದರೆ ಯಾರ ಗದ್ದೆಗೆ ಎಷ್ಟು ನೀರು ಅಂತ ಬಾಯಲ್ಲೇ ಹೇಳುತ್ತಿದ್ದವರು. ಅವರನ್ನು ಕೇಳದೆ ಕೆರೆ ರಿಪೇರಿ ಮಾಡಿದ ಕಡೆಗಳಲ್ಲಿ ಏನಾಗಿದೆ ಅಂತ ನಿಮಗೇ ಗೊತ್ತಿದೆ.

ಖರ್ಚು ಯಾರು ಕೊಡಬೇಕು? ಕಾರ್ಖಾನೆ ಕೈ ಬದಲಾಗಿದ್ದರೆ?

ಕೆಡಿಸಿದವರು ಕೊಡಬೇಕು. ಹೇಳೋದು ಸುಲಭ, ವಸೂಲಿ ಕಷ್ಟ. ಡ್ರೈಡನ್ ಕಾರ್ಖಾನೆ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಯಿತು. ಹಳೆಯ ಮಾಲಿನ್ಯದ ಹೊಣೆಯಿಂದ ರಕ್ಷಣೆ ಕೊಡುತ್ತೇವೆ ಅಂತ ಪ್ರಾಂತ್ಯದ ಸರ್ಕಾರವೇ 1985ರಲ್ಲಿ ಕಂಪನಿಗಳಿಗೆ ಬರೆದುಕೊಟ್ಟಿತ್ತು. ಪಾದರಸ ಹೂತ ಜಾಗವನ್ನು ನೋಡಿಕೊಳ್ಳಿ ಅಂತ ಆದೇಶ ಬಂದಾಗ ಕಂಪನಿಗಳು ಆ ಕಾಗದ ತೋರಿಸಿದವು. 2019ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಆ ಕಾಗದ ಈ ಆದೇಶದ ಖರ್ಚಿಗೆ ಅನ್ವಯಿಸುವುದಿಲ್ಲ ಅಂದಿತು. ಏಳು ನ್ಯಾಯಾಧೀಶರಲ್ಲಿ ನಾಲ್ವರು ಹೀಗೆ ಹೇಳಿದರು, ಮೂವರು ಒಪ್ಪಲಿಲ್ಲ.

ನಮ್ಮ ದೇಶದಲ್ಲಿ ಈ ತತ್ವಕ್ಕೆ ಗಟ್ಟಿ ಬುನಾದಿ ಹಾಕಿದ ತೀರ್ಪುಗಳಲ್ಲಿ ಒಂದು ನಮ್ಮದೇ ಪಾಲಾರ್ ನದಿಯದ್ದು. ನಮ್ಮ ಕಡೆ ಹುಟ್ಟಿ ಬೇತಮಂಗಲದ ಮೇಲೆ ತಮಿಳುನಾಡಿಗೆ ಹೋಗುವ ಪಾಲಾರ್, ವಾಣಿಯಂಬಾಡಿ, ಆಂಬೂರು ಕಡೆ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರಿನಿಂದ ಕೆಟ್ಟುಹೋಯಿತು. ವೆಲ್ಲೂರಿನ ನಾಗರಿಕರ ವೇದಿಕೆ ಹಾಕಿದ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವನು ಬರೀ ಜನರಿಗೆ ಪರಿಹಾರ ಕೊಟ್ಟರೆ ಸಾಲದು, ಕೆಟ್ಟ ಪರಿಸರವನ್ನು ಮತ್ತೆ ಸರಿ ಮಾಡುವ ಖರ್ಚನ್ನೂ ಕೊಡಬೇಕು ಅಂದಿತು.

ನಮ್ಮ ಕೋಲಾರಕ್ಕೂ ಇದಕ್ಕೂ ಏನು ಸಂಬಂಧ? ನಮ್ಮಲ್ಲಿ ಅಂಥ ಕಾರ್ಖಾನೆ ಇಲ್ವಲ್ಲ?

ಗ್ರಾಸಿ ನ್ಯಾರೋಸ್‌ನಲ್ಲಿ ಆದದ್ದೇ ನಮ್ಮಲ್ಲಿ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅವರ ನೋವಿಗೂ ಅನ್ಯಾಯ. ಆದರೆ ಕೆಲಸ ನಿಂತ ಮೇಲೂ ಅದರ ಕೊಳೆ ಉಳಿಯುತ್ತದೆ ಅನ್ನುವುದನ್ನು ಕೆಜಿಎಫ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅದಿರು ಅರೆದು ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಇಂದಿಗೂ 13 ದಿಬ್ಬಗಳಾಗಿ ನಿಂತಿದೆ, ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದರೆ ಧೂಳು ಮನೆಗಳಿಗೆ, ಮಳೆ ಬಿದ್ದರೆ ತಗ್ಗಿಗೆ. ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಚಿನ್ನ ತೆಗೆದ ಮೇಲೆ ಉಳಿಯುವ ಪುಡಿಯನ್ನು ಎಲ್ಲಿ, ಹೇಗೆ ಮುಚ್ಚಿಡುತ್ತೀರಿ, ಧೂಳನ್ನು ಯಾರು ಅಳೆಯುತ್ತಾರೆ ಅಂತ ಗಣಿ ಕಾಲೊನಿಗಳ ಜನ ಈಗಲೇ ಕೇಳಬೇಕು.

ಹಾಗೇ ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಕಡೆ ಹುಟ್ಟಿ ಬೆಂಗಳೂರಿನ ಅಂಚಿನಲ್ಲಿ ಹರಿದು ಹೊಸೂರಿನ ಹತ್ತಿರ ಕೆಲವರಪಲ್ಲಿ ಅಣೆಕಟ್ಟಿಗೆ ಸೇರುವಾಗ ನೊರೆ ಕಾರುತ್ತದೆ. ಅಲ್ಲಿ ಕೆಳಗೆ ಇರುವವರಿಗೆ ನಾವು ಮೇಲಿನವರು.

ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯ ಗೋಡು ಹೊಲಕ್ಕೆ ಹಾಕಬಹುದಾ?

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ನೊರೆ ಎದ್ದಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಯಿತು. ಆಮೇಲೆ ನೀರು ಮುಂದುವರಿಯಿತು. ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂತು, ಅದು ಕಣ್ಣೆದುರಿಗೇ ಇದೆ, ಯಾರೂ ಅಲ್ಲಗಳೆಯಬಾರದು. ಜೊತೆಗೆ, ಅದು ಎರಡನೇ ಹಂತದ ತನಕ ಮಾತ್ರ ಶುದ್ಧ ಮಾಡಿದ ನೀರು. ಮೂರನೇ ಹಂತ ಬೇಕು ಅಂತ ರೈತ ಸಂಘಟನೆಗಳು ಕೇಳುತ್ತಾ ಬಂದಿರುವುದು ನ್ಯಾಯವಾದ ಬೇಡಿಕೆ.

ಗೋಡಿನ ವಿಷಯ ಇಷ್ಟೇ. ಭಾರ ಲೋಹಗಳು ಇದ್ದರೆ ಅವು ನೀರಿಗಿಂತ ಗೋಡಿನಲ್ಲಿ ಸೇರುತ್ತವೆ. ನೀರಿನ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಗೋಡೂ ಚೆನ್ನಾಗಿದೆ ಅಂತಲ್ಲ. ಮಣ್ಣು ಆರೋಗ್ಯ ಕಾರ್ಡಿನ ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇತ್ಯಾದಿ 12 ಅಂಶ ನೋಡುತ್ತಾರೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಅದರಲ್ಲಿ ಇಲ್ಲ. ಅವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಒಬ್ಬ ರೈತನಿಗೆ ದುಬಾರಿ, ಹೂಳೆತ್ತುವ ಮುಂಚೆ ಪಂಚಾಯಿತಿಯಿಂದ ಇಡೀ ಕೆರೆಗೆ ಒಮ್ಮೆ ಮಾಡಿಸಿದರೆ ಎಲ್ಲರಿಗೂ ಆಗುತ್ತದೆ. ಕೆರೆಯ ಮೂರ್ನಾಲ್ಕು ಕಡೆಯಿಂದ, ಮುಖ್ಯವಾಗಿ ನೀರು ಒಳಗೆ ಬರುವ ಬಾಯಿಯಿಂದ ಮತ್ತು ತೂಬಿನ ಹತ್ತಿರದಿಂದ ಗೋಡು ತೆಗೆಯಬೇಕು.

ನಮ್ಮ ಬೋರ್‌ವೆಲ್ ಫ್ಲೋರೈಡೂ ಹೀಗೇನಾ?

ಅಲ್ಲ. ಅದು ನಮ್ಮ ಬಂಡೆಯಿಂದಲೇ ಬರುವುದು, ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಜಾಸ್ತಿ. ಯಾವ ಕಾರ್ಖಾನೆಯೂ ಬಿಟ್ಟದ್ದಲ್ಲ. ಅದಕ್ಕೆ ಮದ್ದು ಬೇರೆ.

ನಾಳೆ ನಮ್ಮ ಕೆರೆಗೆ ಬಣ್ಣದ ನೀರು ಬಂದರೆ, ಮೀನು ಸತ್ತರೆ, ಮೊದಲು ಏನು ಮಾಡಬೇಕು?

ಫೋಟೋ, ವಿಡಿಯೊ ತೆಗೆಯಿರಿ. ದಿನಾಂಕ, ಗಂಟೆ, ಯಾವ ಕಾಲುವೆಯಿಂದ ಬಂತು ಅನ್ನುವುದು ಬೇಕು. ಕಾಲುವೆ ಹಿಡಿದು ಮೇಲಕ್ಕೆ ನಡೆದು, ಬಣ್ಣ ಎಲ್ಲಿ ಶುರುವಾಗುತ್ತದೆ ಅಂತ ನೋಡಿ. ಸತ್ತ ಮೀನನ್ನು ಯಾರೂ ತಿನ್ನಬಾರದು, ಮಾರಬಾರದು. ಕೆಲವನ್ನು ಐಸಿನಲ್ಲಿ ಇಡಿ. ಚರಂಡಿ ನೀರು ಜಾಸ್ತಿಯಾಗಿ ಆಮ್ಲಜನಕ ಕಡಿಮೆಯಾದರೂ ಮೀನು ಸಾಯುತ್ತವೆ, ಅದು ಹೆಚ್ಚಾಗಿ ಬೆಳಗಿನ ಜಾವ. ಹಾಗಾಗಿ ನೋಡಿದ ಸಮಯ ಬರೆದಿಡುವುದು ಮುಖ್ಯ.

ಅವತ್ತೇ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ, ತಹಶೀಲ್ದಾರರಿಗೆ, ಪಂಚಾಯಿತಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನೀವು ಬಾಟಲಿಯಲ್ಲಿ ಹಿಡಿದ ನೀರು ನಿಮಗೆ ವಿಷಯ ತಿಳಿಯಲು ಸಾಕು. ಕಾರ್ಖಾನೆಯ ನೀರಿಗೆ ಕೋರ್ಟಿನಲ್ಲಿ ಸಾಕ್ಷಿ ಆಗಬೇಕಾದರೆ 1974ರ ಜಲ ಕಾಯ್ದೆಯ ಪ್ರಕಾರ ಮಂಡಳಿಯ ಅಧಿಕಾರಿಯೇ ನೋಟಿಸ್ ಕೊಟ್ಟು, ಮುದ್ರೆ ಹಾಕಿ ತೆಗೆದ ಮಾದರಿ ಬೇಕು. ಅದಕ್ಕೇ ಅಧಿಕಾರಿ ಅದೇ ದಿನ ಬರುವ ಹಾಗೆ ಒತ್ತಾಯಿಸಿ. ಬಂದಾಗ ನೀರಿನ ಜೊತೆ ಹೂಳಿನ ಮಾದರಿಯನ್ನೂ ತೆಗೆಯಿರಿ ಅಂತ ಬರಹದಲ್ಲೇ ಕೇಳಿ. ಫಲಿತಾಂಶವನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು.

ಅಷ್ಟಕ್ಕೂ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ನಮಗೆ ಚೆನ್ನೈ ಪೀಠ. ಮಾಲಿನ್ಯದ ವ್ಯಾಜ್ಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಒಳಗೆ, ಪರಿಹಾರ ಮತ್ತು ಪರಿಸರ ಸರಿಪಡಿಸುವ ಬೇಡಿಕೆಗೆ ಐದು ವರ್ಷದ ಒಳಗೆ ಹೋಗಬೇಕು. ಅರ್ಜಿಯಲ್ಲಿ ದಂಡ ಹಾಕಿ ಅಂತ ಮಾತ್ರ ಬರೆಸಬೇಡಿ. ಮೀನು ಸಂಘಕ್ಕೆ, ಅಚ್ಚುಕಟ್ಟಿನ ರೈತರಿಗೆ ಆದ ನಷ್ಟವನ್ನು ಬರೆಸಿ. ಹೂಳು ಪರೀಕ್ಷೆ ಮಾಡಿಸಿ, ಕೆಟ್ಟಿದ್ದರೆ ಬಿಟ್ಟವರ ಖರ್ಚಿನಲ್ಲೇ ತೆಗೆಸಿ, ತೆಗೆದದ್ದನ್ನು ಎಲ್ಲಿ ಇಡುತ್ತಾರೆ ಅಂತ ಮೊದಲೇ ಹೇಳಬೇಕು ಅನ್ನುವುದನ್ನೂ ಬರೆಸಿ. ಆ ಕೆಲಸ ನೋಡಿಕೊಳ್ಳುವ ಸಮಿತಿಯಲ್ಲಿ ಕೆರೆಯ ಮೀನು ತಿನ್ನುವ ಮನೆಗಳವರು ಇರಬೇಕು ಅಂತಲೂ ಕೇಳಿ.